ಕವಡೆ ಲೀಗಿನ ಕೀರ್ತಿಶೇಷ ಕಪ್ತಾನ

ಬೀಜಾಡಿಯ ಪಾಂಡುವಿನ ಬಲಗೈ ತೋರುಬೆರಳಿಗೆ ಒಂದು ಚರಿತ್ರೆ ಇದೆ. ಆ ಬೆರಳಿನಿಂದ ಅವನು ಉಪ್ಪಿನಕಾಯಿ ನೆಕ್ಕುತ್ತಾನೆ, ಕಿವಿ ತುರಿಸಿಕೊಳ್ಳುತ್ತಾನೆ, ತನ್ನ ಎಸ್.ಟಿ.ಡಿ. ಬೂತಿನ ಫೋನಿನ ಗುಂಡಿ ಒತ್ತುತ್ತಾನೆ. ಆದರೆ ಊರು ಅದನ್ನು ನೆನಪಿಟ್ಟುಕೊಂಡದ್ದು ಇಂಥ ಸತ್ಕಾರ್ಯಗಳಿಗಾಗಿ ಅಲ್ಲ. ೧೯೭೮ರಲ್ಲಿ ಕೋಟೇಶ್ವರದ ಕೊಯ್ದ ಗದ್ದೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟಿನ ಫೈನಲ್ ನಡೆದಿತ್ತು. ಬೀಜಾಡಿ ಗೆಲ್ಲಲು ಮೂರೇ ರನ್ ಬೇಕಿತ್ತು. ಕಪ್ತಾನ ದೇವು ಬ್ಯಾಟು ಬೀಸಿದ, ಚೆಂಡು ಕೀಪರನ ಕೈ ಸೇರಿತು, ಎದುರು ತಂಡದ ಹನ್ನೊಂದು ಗಂಟಲು ಒಟ್ಟಿಗೆ ಕೂಗಿದವು, ಅಂಪೈರಾಗಿ ನಿಂತಿದ್ದ ಪಾಂಡುವಿನ ಬೆರಳು ಯಜಮಾನನನ್ನು ಒಂದು ಮಾತೂ ಕೇಳದೆ ತಾನಾಗಿ ಮೇಲೆದ್ದಿತು. ಔಟ್! ಅಂಪೈರೂ ಬೀಜಾಡಿಯವನೇ. ಸ್ವಂತ ಊರಿನ ಕಪ್ತಾನನನ್ನು ಔಟ್ ಕೊಟ್ಟ ಅಂಪೈರು ಭರತಖಂಡದಲ್ಲಿ ಅದಕ್ಕೆ ಮೊದಲು ಹುಟ್ಟಿರಲಿಲ್ಲ. ಆಮೇಲೆ ಹುಟ್ಟುವ ಧೈರ್ಯವನ್ನೂ ಯಾರೂ ಮಾಡಲಿಲ್ಲ.

ದೇವು ಹದಿನೈದು ನಿಮಿಷ ಗದ್ದೆಯ ನಡುವೆ ನಿಂತು ಪಾಂಡುವಿನ ಏಳು ತಲೆಮಾರನ್ನೂ ಹೆಸರು ಹಿಡಿದು ಸ್ಮರಿಸಿದ. ಮೂರನೆಯ ದಿನ ಮುಂಬಯಿ ಬಸ್ಸು ಹತ್ತಿದವನು ತಿರುಗಿ ಊರಿಗೆ ಬರಲಿಲ್ಲ. ದೇವುವಿನ ತಂಗಿ ಜಲಜ ಅವತ್ತಿನಿಂದ ಪಾಂಡುವಿನ ಹತ್ತಿರ ಮಾತು ಬಿಟ್ಟಳು. ಅವನು ಊರಲ್ಲೇ ಬೂತು ಹಾಕಿದ ಮೇಲೂ ಅವಳು ಫೋನು ಮಾಡಬೇಕಾದರೆ ಕೊಡೆ ಹಿಡಿದು ಕೋಟೇಶ್ವರದವರೆಗೆ ನಡೆಯುತ್ತಿದ್ದಳು. ಪಾಂಡು ಅವಳ ಮನೆಯ ದಾರಿಯನ್ನೇ ಬಿಟ್ಟ. ತನ್ನ ಒಂದು ಬೆರಳಿನಿಂದ ಒಬ್ಬ ಮನುಷ್ಯ ಊರು ಬಿಟ್ಟ ಎಂಬುದು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ನುಂಗಿದರೂ ಇಳಿಯದು, ಕೆಮ್ಮಿದರೂ ಬಾರದು.

ಇದರ ಮೇಲೆ ೧೯೯೫ರಲ್ಲಿ, ಪಾಂಡು ಇನ್ನೂ ಬೂತು ಹಾಕುವ ಮೊದಲು, ಬಸ್ಸಿನಲ್ಲಿ ಪಕ್ಕ ಕುಳಿತ ಯಾರೋ ಒಬ್ಬ, ಮುಂಬಯಿಯ ಬಂದರಿನಲ್ಲಿ ಬೀಜಾಡಿಯ ದೇವು ಎಂಬವನು ನೀರಿಗೆ ಬಿದ್ದು ಸತ್ತನಂತೆ ಎಂದು ಹೇಳಿ ತೆಕ್ಕಟ್ಟೆಯಲ್ಲಿ ಇಳಿದು ಹೋದ. ಬೀಜಾಡಿಯಲ್ಲಿ ಎಷ್ಟು ದೇವುಗಳಿದ್ದಾರೆ, ಯಾವ ದೇವು, ಎಂದು ವಿಚಾರಿಸುವುದು ಬುದ್ಧಿವಂತರ ಕೆಲಸ. ಪಾಂಡು ಯಾರನ್ನೂ ಕೇಳಲಿಲ್ಲ, ಕೇಳಲು ಮುಖ ಇರಲಿಲ್ಲ. ಆ ವರ್ಷದ ಮಹಾಲಯ ಅಮಾವಾಸ್ಯೆಯಿಂದ ತನ್ನ ಅಪ್ಪಯ್ಯನಿಗೆ ಇಡುವ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿದ. ಹೆಂಡತಿ ವನಜ "ಇದ್ ಯಾರಿಗೆ?" ಎಂದು ಕೇಳಿದರೆ, "ಯಾರೂ ಇಲ್ಲದವ್ರಿಗೆ" ಎಂದ. ಕಾಗೆಗಳು ಎರಡು ಎಲೆಯನ್ನೂ ಭೇದವಿಲ್ಲದೆ ಖಾಲಿ ಮಾಡಿದವು.

ಇನ್ನು ಕವಡೆ ಲೀಗಿನ ವಿಷಯ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿ ಗಂಡಸರಿಗೆ ಬಲೆ ಹೊಲಿಯುವುದು ಬಿಟ್ಟರೆ ಬೇರೆ ಕಸುಬಿಲ್ಲದಾಗ ಹುಟ್ಟಿದ ಆಟ ಅದು. ಬೀಜಾಡಿ, ಕೋಟೇಶ್ವರ, ಬಿಜೂರು, ಶಿರೂರು, ಹೀಗೆ ನಾಲ್ಕು ಊರು. ಪ್ರತಿ ಊರಿಗೂ ಅದರ ಸಾರ್ವಕಾಲಿಕ ಶ್ರೇಷ್ಠ ಹನ್ನೊಂದು ಆಟಗಾರರ ತಂಡ. ಬಲೆಚಪ್ಪರದ ಚಾಪೆಯ ಮೇಲೆ ಆರು ಕವಡೆ ಚೆಲ್ಲುವುದು. ಎಷ್ಟು ಅಂಗಾತ ಬಿದ್ದವೋ ಅಷ್ಟು ರನ್, ಆರೂ ಬೋರಲು ಬಿದ್ದರೆ ಔಟ್. ಆಟಗಾರರು ಮೈದಾನಕ್ಕೆ ಬರಬೇಕಾಗಿಲ್ಲ, ಬರುವ ಸ್ಥಿತಿಯಲ್ಲೂ ಇರುವುದಿಲ್ಲ. ಯಾಕೆಂದರೆ ಲೀಗಿನ ಮೊದಲನೆಯ ನಿಯಮವೇ, ಸತ್ತವರಿಗೆ ಮಾತ್ರ ತಂಡದಲ್ಲಿ ಜಾಗ. ಮೊದಲ ವರ್ಷ ಬದುಕಿದ್ದವರನ್ನೂ ಸೇರಿಸಿ ನೋಡಿದ್ದರು. ಬಿಜೂರಿನ ಹಳೆ ಆಟಗಾರರೊಬ್ಬರು, ಕವಡೆ ತನ್ನನ್ನು ಸೊನ್ನೆಗೆ ಔಟ್ ಮಾಡಿತೆಂದು ಕೇಳಿ, ಬಸ್ಸು ಹಿಡಿದು ಬಂದು ಚಾಪೆ ಎಳೆದು ಜಗಳ ತೆಗೆದರು. ಸತ್ತವರಿಂದ ಆ ತೊಂದರೆ ಇಲ್ಲ ಎಂದು ಲೀಗಿನ ಅಧ್ಯಕ್ಷ ಕಿಟ್ಟ ಮರುವರ್ಷವೇ ನಿಯಮ ಬರೆದ. ಕಿಟ್ಟ ಬೋಟಿನ ತಾಂಡೇಲ. ನೀರಿನ ಮೇಲೂ ಚಾಪೆಯ ಮೇಲೂ ಅವನ ಮಾತೇ ಕೊನೆ.

ಲೀಗು ಸುರುವಾಗುವ ಮೊದಲು ಪ್ರತಿ ತಂಡದ ಯಜಮಾನ ತನ್ನ ತಂಡದ ಮುನ್ನೋಟ ಓದಬೇಕು. ಬೀಜಾಡಿಯ ಯಜಮಾನ ಪಾಂಡು. ಅವನಿಗೆ ಒಂದು ಕಾಲದಲ್ಲಿ ಟೂರ್ನಮೆಂಟುಗಳಲ್ಲಿ ಮೈಕು ಹಿಡಿದು ವೀಕ್ಷಕ ವಿವರಣೆ ಕೊಟ್ಟ ಹೆಮ್ಮೆ. ಮನೆಯಲ್ಲಿ "ಗಂಜಿ ಹಾಕ್" ಎನ್ನುವವನು ಮೈಕು ಕಂಡರೆ "ಅನ್ನಪೂರ್ಣೆಯ ಪ್ರಸಾದವನ್ನು ಕರುಣಿಸುವಂತಾಗಲಿ" ಎನ್ನುತ್ತಾನೆ. ೧೯೯೯ರ ಜುಲೈಯ ಮುನ್ನೋಟಕ್ಕಾಗಿ ಅವನು ನಾಲ್ಕು ಹಾಳೆ ಬರೆದ. ಹನ್ನೊಂದು ಹೆಸರಿನಲ್ಲಿ ಹತ್ತು ಹಳೆಯವು. ಹನ್ನೊಂದನೆಯದು, ಕಪ್ತಾನನ ಜಾಗದಲ್ಲಿ, ದೇವು. ಬದುಕಿದ್ದಾಗ ಔಟ್ ಕೊಟ್ಟವನಿಗೆ ಸತ್ತ ಮೇಲಾದರೂ ಕಪ್ತಾನಗಿರಿ ಕೊಟ್ಟರೆ ಬೆರಳಿನ ಪಾಪ ಸ್ವಲ್ಪ ಇಳಿದೀತು ಎಂಬುದು ಅವನ ಲೆಕ್ಕಾಚಾರ.

ಆ ಸಂಜೆ ಪಂಚಾಯತು ಮೆಂಬರ್ ಸೂರ ತನ್ನ ಚುನಾವಣೆಯ ಮೈಕು ಸೆಟ್ಟನ್ನೇ ಎರವಲು ಕೊಟ್ಟ. ಹಾರ್ನನ್ನು ತೆಂಗಿನಮರಕ್ಕೆ ಕಟ್ಟಿದ್ದರಿಂದ ಚಪ್ಪರದಲ್ಲಿದ್ದ ಮೂವತ್ತು ಜನರ ಜೊತೆ ಇಡೀ ಬೀಜಾಡಿಗೆ ಕೇಳುವ ಭಾಗ್ಯ ಬಂತು. ಪಾಂಡು ಗಂಟಲು ಸರಿಮಾಡಿಕೊಂಡ.

"ಕ್ರೀಡಾಭಿಮಾನಿಗಳೇ, ಪಶ್ಚಿಮ ಸಮುದ್ರದ ತೆರೆಗಳೇ ತಲೆಬಾಗುವ ಬೀಜಾಡಿಯ ಹನ್ನೊಂದು ರತ್ನಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಮೊದಲನೆಯವರು ಕೀರ್ತಿಶೇಷ ಚಂದು ಮಾಸ್ತರು. ಚೆಂಡು ಹೊಡೆದರೆ ತೆಂಗಿನಮರದಿಂದ ಎರಡು ಕಾಯಿ ಬೀಳುತ್ತಿದ್ದವು. ಎರಡನೆಯವರು ಕೀರ್ತಿಶೇಷ ಬಚ್ಚಣ್ಣ. ಲುಂಗಿ ಉಟ್ಟು ಓಡಿ ಕ್ಯಾಚು ಹಿಡಿದ ಜಗತ್ತಿನ ಏಕೈಕ ಮಹನೀಯರು, ಲುಂಗಿ ಮಾತ್ರ ಹಿಂದೆಯೇ ಉಳಿದಿತ್ತು..."

ಚಪ್ಪರ ನಗೆಯಿಂದ ತುಂಬಿತು. ಹೀಗೆ ಹತ್ತು ಕೀರ್ತಿಶೇಷರು ಬಂದು ಹೋದರು. ಆಮೇಲೆ ಪಾಂಡು ನಾಲ್ಕನೆಯ ಹಾಳೆ ತಿರುವಿದ.

"ಕೊನೆಯದಾಗಿ ಈ ತಂಡದ ಕಪ್ತಾನರು. ಅವರ ಬ್ಯಾಟಿನ ಗಾಳಿಗೆ ಕೋಟೇಶ್ವರದ ಪೈರು ಬಾಗುತ್ತಿತ್ತು. ವಿಧಿ ಅವರನ್ನು ಮುಂಬಯಿಗೆ ಕರೆಯಿತು, ಅಲ್ಲಿಂದ ಇನ್ನೂ ದೂರಕ್ಕೆ ಕರೆದೊಯ್ಯಿತು. ನಮ್ಮ ನಿಮ್ಮೆಲ್ಲರ ಪ್ರೀತಿಯ, ಕೀರ್ತಿಶೇಷ ದೇವು!"

ಚಪ್ಪರದಲ್ಲಿ ನಗೆ ಹಿಡಿದು ನಿಲ್ಲಿಸಿದಂತೆ ನಿಂತಿತು. ಕಿಟ್ಟ ಎದ್ದು ತಲೆಯ ಮುಂಡಾಸು ತೆಗೆದ. ಉಳಿದವರೂ ಎದ್ದರು. ಇಬ್ಬರು ಕಣ್ಣೊರೆಸಿಕೊಂಡರು. ತನ್ನ ಮುನ್ನೋಟ ಇಷ್ಟು ಜನರ ಕರುಳು ಕಲಕಿತಲ್ಲ ಎಂದು ಪಾಂಡುವಿಗೂ ಕಣ್ಣು ತುಂಬಿತು. ಮೈಕು ಇಟ್ಟು, ಯಾರ ಜೊತೆಯೂ ಮಾತಾಡದೆ, ದೊಡ್ಡ ಕಲಾವಿದರು ರಂಗದಿಂದ ಹೋಗುವ ಹಾಗೆ ಹೊರಟುಹೋದ.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿದಿರಬೇಕು. ಮುಂಬಯಿಯ ಹೋಟೆಲು, ಕ್ಯಾಂಟೀನು, ಬಂದರುಗಳಲ್ಲಿ ದುಡಿಯುವ ಬೀಜಾಡಿಯವರಿಗೆ ಮಗು ಹುಟ್ಟಿದ್ದು, ಹೊಟ್ಟೆನೋವು ಬಂದದ್ದು, ಅವರು ಸತ್ತದ್ದು ಎಲ್ಲವೂ ಊರಿಗೆ ತಲುಪುವುದು ಪಾಂಡುವಿನ ಬೂತಿನ ಮೂಲಕ. ಸಾವಿನ ಸುದ್ದಿಯನ್ನು ಅವನು ಎಂದೂ ನೇರವಾಗಿ ಹೇಳಿದವನಲ್ಲ. ಮನೆಯವರ ಎದೆ ಒಡೆಯಬಾರದು ನೋಡಿ. "ಸ್ವಲ್ಪ ಜ್ವರವಂತೆ" ಎಂದರೆ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿಯಬೇಕು. "ಆಸ್ಪತ್ರೆಗೆ ಸೇರಿಸಿದ್ದಾರಂತೆ" ಎಂದರೆ ಆಸೆ ಬಿಡಬೇಕು. "ಎಂತದೂ ಆಯ್ಲಿಲ್ಲ, ಆರಾಮ್ ಇದ್ರಂಬ್ರ್, ಹೆದ್ರೂದ್ ಬ್ಯಾಡ" ಎಂದನೆಂದರೆ ಸೌದೆಗೆ ಜನ ಕಳಿಸಬೇಕು. ಇಂಥ ಪಾಂಡುವೇ ಮೈಕು ಹಿಡಿದು ದೇವುವನ್ನು ಕೀರ್ತಿಶೇಷ ಎಂದ ಮೇಲೆ ಮಧ್ಯಾಹ್ನ ಮುಂಬಯಿಯಿಂದ ಫೋನು ಬಂದಿದೆ ಎಂಬುದರಲ್ಲಿ ಬೀಜಾಡಿಯ ಯಾರಿಗೂ ಸಂಶಯ ಉಳಿಯಲಿಲ್ಲ.

ಪಾಂಡು ಮನೆಗೆ ಬಂದಾಗ ವನಜ ಒಣ ಚಟ್ಲಿಯ, ಎಂದರೆ ಸಿಗಡಿಯ, ಚಟ್ನಿಯನ್ನು ಬೋಗುಣಿ ಸಮೇತ ಅಂಗಳಕ್ಕೆ ಹಿಡಿದು ಹೋಗುತ್ತಿದ್ದಳು.

"ಹೆಣೆ ವನಜಾ, ಅದೆಂತಕೆ ಬಿಸಾಡ್ತೆ?"

"ಸೂತಕ ಅಲ್ದಾ? ಜಲಜಕ್ಕ ನಮ್ಗ್ ಸಂಬಂಧ ಆತಿಲ್ಯಾ? ಹ್ವಾಯ್, ಫೋನ್ ಯಾವಾಗ್ ಬಂತ್? ಕಟ್ಕಂಡ ಹೆಂಡ್ತಿಗೆ ಹೇಳೂಕೆ ಆಯ್ಲಿಲ್ಯಾ? ಮೈಕಲ್ಲ್ ಹೇಳೂದಾ?"

"ಯಾವ ಫೋನ್?"

"ದೇವಣ್ಣ ಸತ್ತ ಫೋನ್!"

"ಅಂವ ಸತ್ತ್ ನಾಕ್ ವರ್ಷ ಆಯ್ತಲೆ."

ವನಜ ಬೋಗುಣಿ ಕೆಳಗಿಟ್ಟಳು. "ನಾಕ್ ವರ್ಷವಾ? ಹಾಂಗಾರೆ ಹೋದ ಚೌತಿಗೆ ಜಲಜಕ್ಕಂಗೆ ಸೀರೆ ಕಳ್ಸಿದ್ದ್ ಯಾರ್, ಭೂತವಾ? ತಿಂಗ್ಳ್ ತಿಂಗ್ಳ್ ಕೋಟೇಶ್ವರಕ್ ಹೋಯಿ ಅವ್ಳ್ ಯಾರಿಗ್ ಫೋನ್ ಮಾಡೂದ್ ಅಂದ್ ಮಾಡಿದ್ರಿ? ನೀರಿಗ್ ಬಿದ್ದ್ ಸತ್ತದ್ದ್ ಆಚೆಕೇರಿ ದೇವು!"

ಪಾಂಡು ಹೊಸಿಲ ಮೇಲೆ ಕುಳಿತ. ಆಮೇಲೆ ನಗು ಬಂತು. ಎಂಥ ನಗು ಎಂದರೆ ವನಜ ಹೆದರಿ ಎರಡು ಹೆಜ್ಜೆ ಹಿಂದೆ ಹೋದಳು.

"ಬದ್ಕಿದ್ನಾ! ವನಜಾ, ಅಂವ ಬದ್ಕಿದ್ನಾ!"

"ಬದ್ಕಿದ್ದ. ನೀವ್ ಕೊಂದದ್ದ್ ಈಗ, ಅರ್ಧ ಗಂಟೆ ಹಿಂದೆ." ವನಜಳಿಗೆ ಥಟ್ಟನೆ ಏನೋ ಹೊಳೆಯಿತು. "ಹ್ವಾಯ್, ಆ ಎರಡ್ನೇ ಎಲೆ..."

ಪಾಂಡು ಉತ್ತರ ಕೊಡುವಷ್ಟರಲ್ಲಿ ಜಲಜಳ ಮನೆಯ ಕಡೆಯಿಂದ ಅಳು ಕೇಳಿತು. ಒಬ್ಬರದಲ್ಲ, ಕೇರಿಯ ಹೆಂಗಸರೆಲ್ಲರದು. ಪಾಂಡುವಿನ ನಗು ಅಲ್ಲೇ ಆರಿತು.

"ಏಳಿ, ಹೋಯಿ ಹೇಳಿ ಬನ್ನಿ," ಎಂದಳು ವನಜ.

"ನಾನಾ? ನಾನ್ ಶಿರೂರಿಗೆ, ನಿನ್ನ ತಂಗಿ ಮನೆಗೆ ಹೋಯಿ ನಾಕ್ ದಿನ ಇದ್ದ್ ಬತ್ತೆ."

"ಬೆರಳ್ ಎತ್ತಿದ್ದ್ ನೀವ್. ಇಳ್ಸೂಕೂ ನೀವೇ ಹೋಯ್ಕ್."

ಇಪ್ಪತ್ತೊಂದು ವರ್ಷದ ಮೇಲೆ ಪಾಂಡು ಜಲಜಳ ಅಂಗಳಕ್ಕೆ ಕಾಲಿಟ್ಟ. ಜನ ದಾರಿ ಬಿಟ್ಟರು. ಜಲಜ ಜಗಲಿಯ ಕಂಬಕ್ಕೊರಗಿ ಕುಳಿತಿದ್ದಳು. ದುಃಖ ಎಷ್ಟೇ ಇದ್ದರೂ ಮಾತು ಬಿಟ್ಟದ್ದನ್ನು ಅವಳು ಮರೆತಿರಲಿಲ್ಲ. ಪಾಂಡು ಮೂರು ಮಾರು ದೂರದಲ್ಲಿ ನಿಂತಿದ್ದರೂ ಅವಳು ಕಿಟ್ಟನ ಕಡೆಗೇ ತಿರುಗಿದಳು.

"ಕಿಟ್ಟಣ್ಣ, ಅವ್ರ ಹತ್ರ ಕೇಣಿ. ಅಣ್ಣಂಗೆ ಎಂತ ಆದ್ದ್ ಅಂದ್ ಕೇಣಿ."

"ಕಿಟ್ಟ, ಅವ್ರಿಗ್ ಹೇಳ್," ಎಂದ ಪಾಂಡು, "ದೇವುಗೆ ಎಂತದೂ ಆಯ್ಲಿಲ್ಲ. ಆರಾಮ್ ಇದ್ದ. ಹೆದ್ರೂದ್ ಬ್ಯಾಡ."

ಮರುಕ್ಷಣವೇ ಅಳು ಇಮ್ಮಡಿಯಾಯಿತು. ಅದುವರೆಗೆ ಅಲ್ಪಸ್ವಲ್ಪ ಆಸೆ ಇಟ್ಟುಕೊಂಡಿದ್ದವರೂ ಈಗ ಎದೆ ಬಡಿದುಕೊಂಡರು.

"ಹಂಗಲ್ಲ ಮಾರ್ರೆ! ಸತ್ಯ ಹೇಳ್ತಾ ಇದ್ದೆ. ನಂಗೆ ಫೋನೇ ಬರ್ಲಿಲ್ಲ!"

"ಪಾಪ," ಎಂದಳು ಒಬ್ಬ ಮುದುಕಿ ಸೆರಗಿನಿಂದ ಮೂಗೊರೆಸುತ್ತ, "ನಮ್ ಸಂಕ್ಟ ಕಾಂಬುಕ್ ಆಗದೆ ಹೇಳ್ತ. ಬಂಗಾರದಂಥ ಮನಸ್."

ಮೆಂಬರ್ ಸೂರ ಆಗಲೇ ಕೆಲಸ ಹಂಚಿಬಿಟ್ಟಿದ್ದ. ಸಂತಾಪ ಸಭೆ ನಾಡಿದ್ದು, ಶಾಲೆಯ ಹಾಲ್. ಸೌದೆಗೆ ಮಾವಿನ ಮರ ಬೇಕು, ಮಳೆಯಲ್ಲಿ ಎಲ್ಲಿಂದ ತರುವುದು ಎಂಬ ಚರ್ಚೆಗೆ ಕಿಟ್ಟ ಪರಿಹಾರ ಕಂಡುಹಿಡಿದ: "ಪಾಂಡುನ ಬೂತಿನ ಹಿಂದ್ಗಡೆ ಒಂದ್ ಮರ ಇತ್ತಲೆ. ಅಂವ ಬ್ಯಾಡ ಅಂಬ ಜನ ಅಲ್ಲ." ಪಾಂಡು "ಬ್ಯಾಡ" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಗರಗಸ ಹೊರಟಾಗಿತ್ತು. ಪಂಚಾಯತಿನ ಗುಮಾಸ್ತರು ಮತದಾರರ ಪಟ್ಟಿಯನ್ನೇ ಕಂಕುಳಲ್ಲಿಟ್ಟು ಬಂದಿದ್ದರು. ಎರಡು ತಿಂಗಳಲ್ಲಿ ಚುನಾವಣೆ, ಸತ್ತವರ ಹೆಸರು ಉಳಿದರೆ ಮೇಲಿನವರು ಬೈಯುತ್ತಾರೆ ಎಂದು ಅಲ್ಲೇ ಜಗಲಿಯ ಮೇಲೆ ಕುಳಿತು ದೇವುವಿನ ಹೆಸರಿಗೆ ಕೆಂಪು ಗೆರೆ ಎಳೆದರು. ಸರಕಾರಿ ಕೆಲಸ ಇಷ್ಟು ಬೇಗ ಆದದ್ದನ್ನು ಬೀಜಾಡಿ ಅದೇ ಮೊದಲು ನೋಡಿತು.

ಕೊನೆಗೆ ಪಾಂಡು ಕೈಮುಗಿದ. "ಕಿಟ್ಟ, ಅವ್ರ ಹತ್ರ ಮುಂಬಯಿ ನಂಬ್ರ ಇತ್ತಾ ಕೇಣ್. ನಿಮ್ಮೆಲ್ಲರ ಎದ್ರಿಗೇ ಫೋನ್ ಮಾಡ್ತೆ."

ಜಲಜ ಎದ್ದು ತಗಡಿನ ಪೆಟ್ಟಿಗೆಯಿಂದ ಚೀಟಿ ತಂದಳು, ಕಿಟ್ಟನ ಕೈಗೆ ಕೊಟ್ಟಳು. ಕಿಟ್ಟ ಅದನ್ನು ಪಾಂಡುವಿಗೆ ಕೊಟ್ಟ. ಇಬ್ಬರು ನಿಲ್ಲುವ ಬೂತಿನಲ್ಲಿ ಎಂಟು ಜನ ನಿಂತರು. ಉಳಿದವರು ಗಾಜಿಗೆ ಮೂಗು ಒತ್ತಿದರು. ಹಿಂದಿನಿಂದ ಗರಗಸದ ಸದ್ದು. ಪಾಂಡು ಆ ಚಾರಿತ್ರಿಕ ಬೆರಳಿನಿಂದ ಒಂದೊಂದೇ ಗುಂಡಿ ಒತ್ತಿದ. ಆ ಕಡೆ ಕ್ಯಾಂಟೀನಿನ ಮ್ಯಾನೇಜರು ಎತ್ತಿಕೊಂಡರು, ಬ್ರಹ್ಮಾವರದ ಕಡೆಯವರು.

"ದೇವಣ್ಣನಾ? ಅವ್ರು ಊರಿಗೆ ಹೊರಟ್ರಲ್ಲ. ಮಧ್ಯಾಹ್ನದ ರೈಲಿಗೆ. ಬೆಳಿಗ್ಗೆ ಕುಂದಾಪುರದಲ್ಲಿ ಇಳೀತಾರೆ."

"ಒಂಚೂರ್ ನಿಲ್ಲಿ, ತಂಗಿ ಹತ್ರ ಕೊಡ್ತೆ..." ಎಂದು ಪಾಂಡು ರಿಸೀವರ್ ತಿರುಗಿಸಿದ. ಹೊರಗೆ ಕಿಟ್ಟನ ಜನ ಕಡಿದ ಮಾವಿನ ಮರ ಧೊಪ್ಪೆಂದು ಬಿತ್ತು. ಬಿದ್ದದ್ದು ಬೂತಿನ ಫೋನಿನ ತಂತಿಯ ಮೇಲೆ. ರಿಸೀವರಿನಲ್ಲಿ ಜಲಜಳಿಗೆ ಕೇಳಿದ್ದು ಸಮುದ್ರದ ಮೊರೆತದಂಥ ಸದ್ದು ಮಾತ್ರ.

"ಎಂತ ಹೇಳಿದ್ರ್?" ಎಂದು ಎಂಟೂ ಜನ ಕೇಳಿದರು.

"ಹೊರ್ಟಿದ್ನಂಬ್ರ್. ನಾಳೆ ಬೆಳಿಗ್ಗೆ ರೈಲಿಗೆ ಬತ್ನಂಬ್ರ್," ಎಂದ ಪಾಂಡು ಸಂತೋಷದಿಂದ.

ಸೂರ ಟೋಪಿ ತೆಗೆದ. "ಅಂದ್ರೆ ಹೆಣ ರೈಲಲ್ಲೇ ತತ್ರ್. ಒಳ್ಳೆ ಜನ ಮುಂಬಯಿಯವ್ರ್. ಒಂದ್ ಟೆಂಪೋ ಮಾಡ್ಕ್."

ಪಾಂಡು ಆಣೆ ಹಾಕಿದ, ತಲೆ ಚಚ್ಚಿಕೊಂಡ, ದೇವು ಸೀಟಿನ ಮೇಲೆ ಕುಳಿತೇ ಬರುತ್ತಾನೆ ಎಂದು ಕುಳಿತು ತೋರಿಸಿದ. ಎಲ್ಲರೂ ಅವನ ಬೆನ್ನು ಸವರಿ, ಒಂದು ಲೋಟ ನೀರು ಕುಡಿಸಿ, ಮನೆಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಕುಂದಾಪುರ ರೈಲು ನಿಲ್ದಾಣಕ್ಕೆ ಬೀಜಾಡಿಯೇ ಬಂದಿಳಿಯಿತು. ಒಂದು ಟೆಂಪೋ, ಎರಡು ಜೀಪು, ಒಂದು ಹೂವಿನ ದೊಡ್ಡ ಹಾರ. ಸ್ಟೇಷನ್ ಮಾಸ್ತರರು ಕನ್ನಡಕ ಏರಿಸಿ ಪುಸ್ತಕ ನೋಡಿದರು.

"ಅಂಥದ್ದು ಯಾವುದೂ ಬುಕ್ ಆಗಿಲ್ಲವಲ್ಲ. ಹೆಣ ಕಳಿಸುವುದಕ್ಕೆ ಡಾಕ್ಟರ ಸರ್ಟಿಫಿಕೇಟು, ಪೊಲೀಸರ ಪತ್ರ, ತಗಡಿನ ಪೆಟ್ಟಿಗೆ ಬೇಕು."

"ಎಲ್ಲ ಇರತ್ತೆ ಸ್ವಾಮಿ," ಎಂದ ಸೂರ. "ಪಾರ್ಸೆಲ್ ಡಬ್ಬಿ ಎಲ್ಲಿ ನಿಲ್ಲತ್ತೆ, ಅದನ್ನು ಹೇಳಿ."

ಮಳೆಗೆ ರೈಲು ಎರಡು ಗಂಟೆ ತಡ. ಸೂರ ಅಷ್ಟು ಹೊತ್ತೂ ಕಂಬದ ಹಿಂದೆ ನಿಂತು ಭಾಷಣ ಬಾಯಿಪಾಠ ಮಾಡಿದ. ಜಲಜ ಬೆಂಚಿನ ಮೇಲೆ ಒದ್ದೆ ಕೊಡೆ ಹಿಡಿದು ಕುಳಿತಿದ್ದಳು. ರೈಲಿನ ಕೂಗು ಕೇಳಿದ್ದೇ ತಡ, ಇಡೀ ಬೀಜಾಡಿ ಪ್ಲಾಟ್‌ಫಾರ್ಮಿನ ಬಾಲದ ಕಡೆಗೆ, ಪಾರ್ಸೆಲ್ ಡಬ್ಬಿ ನಿಲ್ಲುವಲ್ಲಿಗೆ ಓಡಿತು. ಮನುಷ್ಯರು ಇಳಿಯುವ ಮುಂದಿನ ಡಬ್ಬಿಗಳ ಕಡೆ ನಿಂತವನು ಪಾಂಡು ಒಬ್ಬನೇ. ಅವನ ಕಾಲು ಓಡಿಹೋಗು ಎನ್ನುತ್ತಿತ್ತು. ಆದರೆ ದೇವು ನಿಜವಾಗಿ ಬದುಕಿದ್ದಾನೋ ಎಂದು ಕಣ್ಣಾರೆ ನೋಡದೆ ಹೋಗುವುದು ಹೇಗೆ?

ಜನರಲ್ ಡಬ್ಬಿಯಿಂದ ಒಂದು ರೆಕ್ಸಿನ್ ಚೀಲ ಇಳಿಯಿತು. ಅದರ ಹಿಂದೆ ಒಂದು ಹೊಟ್ಟೆ ಇಳಿಯಿತು. ಹೊಟ್ಟೆಯ ಹಿಂದೆ, ಅರ್ಧ ನರೆತ ಮೀಸೆಯ, ಬಿಳಿ ಟೊಪ್ಪಿಯ ದೇವು ಇಳಿದ. ಇಳಿದವನು ಎದುರಿಗೆ ನಿಂತವನನ್ನು ನೋಡಿದ. ಪಾಂಡು ಬಲಗೈಯನ್ನು ಬೆನ್ನಿನ ಹಿಂದೆ ಅಡಗಿಸಿಕೊಂಡ. ಇಪ್ಪತ್ತೊಂದು ವರ್ಷ ಗಂಟಲಲ್ಲಿದ್ದ ಮುಳ್ಳು ಒಂದೇ ಉಸಿರಿಗೆ ಹೊರಬಂತು.

"ಅದ್ ಔಟ್ ಅಲ್ಲ, ದೇವು! ನಂಗೆ ಎಂತದೂ ಕಾಣ್ಲಿಲ್ಲ, ಎಂತದೂ ಕೇಣ್ಲಿಲ್ಲ. ಅವ್ರ್ ಕೂಗಿದ್ದಕ್ಕೆ ಹೆದ್ರಿ ಬೆರಳ್ ಎದ್ದ್ ಹೋಯ್ತ್. ನನ್ನಿಂದ್ ನೀ ಊರ್ ಬಿಟ್ಟೆ. ನಂಗೆ ಹೊಡಿ ಬೇಕಾರೆ!"

ದೇವು ಚೀಲ ಕೆಳಗಿಟ್ಟ. "ಯಾವ್ದ್? ಕೋಟೇಶ್ವರದ ಫೈನಲ್ಲಾ?" ಮೀಸೆಯಡಿಯಲ್ಲಿ ಏನೋ ಅಲುಗಿತು. "ಅದ್ ಔಟೇ ಅಲ್ದಾ ಮಾರಾಯಾ. ಬ್ಯಾಟಿಗ್ ಸಮಾ ತಾಗಿತ್."

"ತಾಗಿತಾ?"

"ಕೈ ಝುಮ್ ಅಂತ್. ನೀನ್ ಬೆರಳ್ ಎತ್ತದೆ ಇದ್ದಿರೆ ನಾನೇ ನಿಂಗೆ ಕಣ್ ಇಲ್ಯಾ ಅಂದ್ ಕೇಂತಿದ್ದೆ."

"ಮತ್ತೆ ಹದಿನೈದ್ ನಿಮಿಷ ನನ್ನ ಅಜ್ಜ ಮುತ್ತಜ್ಜರಿಗೆಲ್ಲ ಬೈದದ್ದ್ ಎಂತಕೆ?"

"ಕಪ್ತಾನ ಆದವ ಸೋತ ದಿನ ಬೈಯದೆ ಹೋರೆ ಊರಂಗೆ ಮರ್ಯಾದಿ ಉಳಿತಾ?"

"ಮುಂಬಯಿಗ್ ಹೋದದ್ದ್?"

"ಕ್ಯಾಂಟೀನ್ ಕೆಲ್ಸಕ್ಕೆ! ಬಸ್ಸಿನ್ ಟಿಕೆಟ್ ಫೈನಲಿಗಿಂತ ಮುಂಚಿನ ದಿನವೇ ತೆಗ್ದದ್ದ್. ತಂಗಿ ಅಳ್ತಾಳಂದ್ ಹೇಳ್ಲಿಲ್ಲ, ಸಿಟ್ಟಲ್ಲ್ ಹೋದೆ ಅಂದ್ ಮಾಡ್ಕಣ್ಲಿ ಅಂದ್ ಬಿಟ್ಟೆ."

ಪಾಂಡು ದೇವುವಿನ ರೆಕ್ಸಿನ್ ಚೀಲದ ಮೇಲೆ ಕುಳಿತುಬಿಟ್ಟ. ಒಳಗೆ ಏನೋ ಪಟಕ್ಕೆಂದು ಮುರಿಯಿತು, ತಂಗಿಗೆ ತಂದ ಗಾಜಿನ ಬಳೆ ಇರಬೇಕು. ಅವನಿಗೆ ಅದರ ಪರಿವೆ ಇರಲಿಲ್ಲ. ಎದೆಯ ಮೇಲಿನಿಂದ ಒಂದು ಬೋಟನ್ನೇ ಯಾರೋ ನೀರಿಗೆ ತಳ್ಳಿದಂತೆ ಹಗುರವಾಗಿತ್ತು. ನಗುತ್ತ ಅತ್ತ, ಅಳುತ್ತ ನಕ್ಕ. "ಇಪ್ಪತ್ತೊಂದ್ ವರ್ಷ, ದೇವು! ಒಂದ್ ಕಾರ್ಡ್ ಬರಿಯೂಕ್ ಆಯ್ಲಿಲ್ಯಾ ನಿಂಗೆ?" ಎಂದು ಮೊದಲ ಸಲ ದೇವುವಿಗೇ ಬೈದ. ಬೈದ ಮೇಲೆ ಇನ್ನೂ ಹಗುರವಾಯಿತು.

"ಅದಿರ್ಲಿ, ಆಚೆ ಅಷ್ಟ್ ಜನ ಎಂತಕೆ? ಯಾರ್ ಸತ್ತದ್ದ್?" ಎಂದ ದೇವು.

ಪಾಂಡು ಬೂತಿನ ತನ್ನ ಅಭ್ಯಾಸ ಬಿಟ್ಟು, ಸಾವಿನ ಸುದ್ದಿಯನ್ನು ನೇರವಾಗಿ ಹೇಳಿದ. "ನೀನೇ."

ರೈಲಿನ ಬಾಲದಲ್ಲಿ ಅಷ್ಟು ಹೊತ್ತಿಗೆ ಪಾರ್ಸೆಲ್ ಡಬ್ಬಿಯಿಂದ ಗೋಣಿಯಲ್ಲಿ ಸುತ್ತಿದ ಉದ್ದನೆಯ ಒಂದು ಗಂಟನ್ನು ಇಳಿಸಿದ್ದರು. ಕಿಟ್ಟ ಅದಕ್ಕೆ ಕೈಮುಗಿದು ಹಾರ ಹಾಕಿದ. ಸೂರ "ತುಂಬಲಾರದ ನಷ್ಟ" ಎಂಬಲ್ಲಿಗೆ ಬಂದಿದ್ದ. ಬೈಂದೂರಿನ ಒಬ್ಬರು ನುಗ್ಗಿಕೊಂಡು ಬಂದು, "ಹ್ವಾಯ್, ನನ್ನ ಮೋಟಾರ್ ಸೈಕಲಿಗೆ ನೀವ್ ಎಂತಕೆ ಮಾಲೆ ಹಾಕೂದ್?" ಎಂದು ಗೋಣಿ ಸರಿಸಿ ಹ್ಯಾಂಡಲ್ ತೋರಿಸಿದರು.

ಎಲ್ಲರೂ ಹ್ಯಾಂಡಲ್ ನೋಡುತ್ತಿದ್ದರೆ ಜಲಜ ಒಬ್ಬಳು ತಿರುಗಿ ನೋಡಿದಳು. ಪ್ಲಾಟ್‌ಫಾರ್ಮಿನ ಆ ತುದಿಯಿಂದ ಅವಳ ಅಣ್ಣ ಚೀಲ ಹಿಡಿದು ನಡೆದು ಬರುತ್ತಿದ್ದ, ಪಕ್ಕದಲ್ಲಿ ಪಾಂಡು. ಅವಳು ಓಡಿದಳು. ಅಣ್ಣನ ಮುಖ ಮುಟ್ಟಿ ನೋಡಿದಳು, ಕೈ ಮುಟ್ಟಿ ನೋಡಿದಳು, ಬಿಸಿ ಇದೆ ಎಂದು ಗೊತ್ತಾದ ಕೂಡಲೇ ಒದ್ದೆ ಕೊಡೆಯಿಂದ ಅವನ ಬೆನ್ನಿಗೆ ನಾಲ್ಕು ಬಾರಿಸಿದಳು.

"ಬತ್ತೆ ಅಂದ್ ಹೇಳೂಕೆ ಬಾಯಿ ಇಲ್ಯಾ ನಿಂಗೆ? ಬಾಯಿ ಇಲ್ಯಾ?"

ಆಮೇಲೆ ಕೊಡೆ ಪಾಂಡುವಿನ ಕಡೆ ತಿರುಗಿತು. ಪಾಂಡು ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಜಲಜ ಅವನನ್ನೇ ನೋಡುತ್ತಿದ್ದಳು, ಕಿಟ್ಟನನ್ನಲ್ಲ.

"ಪಾಂಡಣ್ಣ, ಅಣ್ಣ ಆರಾಮ್ ಇದ್ದ ಅಂದ್ ನೀವ್ ಹೇಳಿದ್ರಿ. ನಾವ್ ನಂಬ್ಲಿಲ್ಲ. ಮನೆಗ್ ಬನ್ನಿ, ಉಂಡ್ಕಂಡ್ ಹೋಪುಕೆ. ವನಜಂಗೂ ಬಪ್ಪುಕ್ ಹೇಳಿ."

ಪಾಂಡು ದೇವುವಿನ ಕೈಯಿಂದ ರೆಕ್ಸಿನ್ ಚೀಲ ತೆಗೆದುಕೊಂಡು ಅವಳ ಹಿಂದೆ ಹೊರಟ.

ಆ ಮಧ್ಯಾಹ್ನ ಸೂತಕ ಕಳೆದ ಬೀಜಾಡಿಯಲ್ಲಿ ಒಣಮೀನು ಹುರಿಯುವ ವಾಸನೆ ಕೋಟೇಶ್ವರದವರೆಗೆ ಹೋಯಿತು. ಚಿತೆಗೆಂದು ಕಡಿದ ಪಾಂಡುವಿನ ಮಾವಿನ ಮರವೇ ಜಲಜಳ ಒಲೆಗೆ ಸೌದೆಯಾಯಿತು. ಹಸಿ ಮರದ ಹೊಗೆಗೆ ನಿನ್ನೆ ಅತ್ತವರೆಲ್ಲ ಇವತ್ತು ಮತ್ತೆ ಕಣ್ಣೀರು ಸುರಿಸಿದರು. ಗುಮಾಸ್ತರು ಬಂದು, ಪಟ್ಟಿಯಿಂದ ತೆಗೆಯುವುದು ಸುಲಭ, ಸೇರಿಸಬೇಕಾದರೆ ದೇವುರವರು ತಾವು ಬದುಕಿರುವುದಾಗಿ ಮೂರು ಪ್ರತಿ ಅರ್ಜಿ ಕೊಡಬೇಕು ಎಂದು ವಿನಯದಿಂದ ತಿಳಿಸಿದರು. ವನಜ ದೇವುವಿನ ಎಲೆಗೆ ಮೀನು ಬಡಿಸುತ್ತ, "ನಾಕ್ ವರ್ಷ ನಿಮ್ಗ್ ಇಟ್ಟದ್ದನ್ನ ಕಾಗೆ ತಿಂತ್. ಈ ವರ್ಷ ನೀವೇ ತಿನ್ನಿ ದೇವಣ್ಣ," ಎಂದಳು. ವಿಷಯ ತಿಳಿದ ದೇವು ತನ್ನ ಹೊಟ್ಟೆಯನ್ನೊಮ್ಮೆ ಸವರಿ, "ನಾಕ್ ವರ್ಷದಿಂದ್ ಇದ್ ಎಂತಕೆ ಬೆಳಿತಿತ್ ಅಂದ್ ಈಗ ಗೊತ್ತಾಯ್ತ್," ಎಂದ. ಆದರೆ ನಕ್ಕವನು ಒಂದು ಗಳಿಗೆ ಪಾಂಡುವಿನ ಮುಖ ನೋಡಿ, ತನ್ನ ಎಲೆಯ ದೊಡ್ಡ ತುಂಡನ್ನು ಅವನ ಎಲೆಗೆ ಹಾಕಿದ.

ಊಟ ಮುಗಿಸಿ ಎಲ್ಲರೂ ಬಲೆಚಪ್ಪರದಲ್ಲಿ ಸೇರಿದಾಗ ದೇವು ತಾನು ಬಂದ ಕಾರಣ ಹೇಳಿದ. ಹೋದ ವಾರ ಊರಿನ ಐತ ಕ್ಯಾಂಟೀನಿಗೆ ಬಂದಿದ್ದನಂತೆ. ಬೀಜಾಡಿಯ ಸಾರ್ವಕಾಲಿಕ ಶ್ರೇಷ್ಠರ ತಂಡ ಕಟ್ಟಿದ್ದಾರೆ, ಲೀಗು ನಡೆಯುತ್ತದೆ ಎಂದನಂತೆ.

"ಹನ್ನೊಂದ್ ಜನ್ರಲ್ಲಿ ನನ್ನ ಹೆಸ್ರಿಲ್ಲೆ! ಲುಂಗಿ ಬಿಟ್ಟ್ ಓಡ್ದ ಬಚ್ಚಣ್ಣನ್ ಹೆಸ್ರ್ ಇತ್, ನಂದ್ ಇಲ್ಲೆ! ಊಟ ಸೇರ್ಲಿಲ್ಲ ನಂಗೆ. ರಜೆ ಹಾಕಿ ಬಂದದ್ದೇ ಇದನ್ ಕೇಂಬುಕೆ."

"ಈ ಸಲ ಇತ್ತಲೆ," ಎಂದ ಕಿಟ್ಟ, ಪಾಂಡುವಿನ ನಾಲ್ಕು ಹಾಳೆ ತೋರಿಸಿ. "ಕಪ್ತಾನ ನೀನೇ."

ದೇವು ಕಪ್ತಾನನ ಭಾಗವನ್ನು ಓದಿಸಿಕೊಂಡ. ಪೈರು ಬಾಗಿದ ಜಾಗವನ್ನು ಎರಡು ಸಲ ಓದಿಸಿಕೊಂಡ. ಎದೆ ಉಬ್ಬಿಸಿ, "ಹಾಂಗಾರೆ ಚೆಲ್ಲಿ ಕವಡೆ," ಎಂದು ಚಾಪೆಯ ನಡುವೆ ಕುಳಿತ.

ಕಿಟ್ಟ ಕೆಮ್ಮಿದ. "ಒಂದ್ ಸಣ್ಣ ತೊಂದ್ರಿ ಇತ್. ನಿಯಮ ಒಂದ್..." ಎಂದು ನಿಯಮದ ಹಾಳೆ ತೆಗೆದು ಓದಿದ. ಓದಿ ಮುಗಿಸಿ ಪಾಂಡುವಿನ ಮುಖ ನೋಡಿದ. "ನಿನ್ನ ತಂಡ. ನೀನೇ ಹೇಳ್ಕ್."

ಚಪ್ಪರವೆಲ್ಲ ಪಾಂಡುವನ್ನು ನೋಡಿತು. ಪಾಂಡು ಎದ್ದು ನಿಂತ. ಪಂಚೆ ಸರಿಮಾಡಿಕೊಂಡ. ಎದುರಿಗೆ ಬೀಜಾಡಿಯ ಕಪ್ತಾನ ಉಂಡು, ಬೆವರಿ, ಹಲ್ಲುಕಡ್ಡಿ ಕಚ್ಚಿಕೊಂಡು, ನೂರಕ್ಕೆ ನೂರು ಜೀವಂತವಾಗಿ ಕುಳಿತಿದ್ದ. ಈ ಸಲ ಯಾರೂ ಕೂಗಲಿಲ್ಲ, ಯಾರೂ ಹೆದರಿಸಲಿಲ್ಲ. ಪಾಂಡು ತಾನೇ, ನಿಧಾನವಾಗಿ, ಬಾಯಿ ತುಂಬ ನಗುತ್ತ, ಬಲಗೈ ತೋರುಬೆರಳನ್ನು ಚಪ್ಪರದ ಮಾಡಿನವರೆಗೆ ಎತ್ತಿದ.

ದೇವು ಆ ಬೆರಳನ್ನು ನೋಡಿದ. ಹಲ್ಲುಕಡ್ಡಿ ತೆಗೆದ. ಬೈಯಲು ಬಾಯಿ ತೆರೆದವನು ಮುಚ್ಚಿ, ಹೆಗಲ ಮೇಲಿನ ಬೈರಾಸನ್ನು ಸುತ್ತಿ ಬ್ಯಾಟಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಚಾಪೆಯಿಂದ ಎದ್ದ.

"ಸಮಾ ಕೊಟ್ಟೆ, ಅಂಪೈರ," ಎಂದು ಹೇಳಿ, ಒಂದು ಮಾತೂ ಬೈಯದೆ ಹೋಗಿ, ನೋಡುವವರ ಸಾಲಿನಲ್ಲಿ ಕುಳಿತ.